ಇಪ್ಪತ್ತು ತಲೆ, ನಾಲ್ಕು ಹೊರೆ

"ನ್ಯೂಟ್ರಾನನ್ನು ಎಣಿಸುವುದೇಕೆ, ಗುರುಗಳೇ?" ಎಂದು ಸರ್ವಮಂಗಳೆ ಕೇಳಿದಳು.

ಗುರುಗಳು ಮೂವತ್ತು ವರ್ಷ ಹೊಳೆದಂಡೆಯ ಊರುಗಳಲ್ಲಿ ವಿಜ್ಞಾನದ ಮೇಷ್ಟರಾಗಿದ್ದವರು. ಆಮೇಲೆ ಕಾವಿ ಉಟ್ಟರು. ಕಾವಿ ಬಂದರೂ ಕೈಯ ಸೀಮೆಸುಣ್ಣ ಹೋಗಲಿಲ್ಲ. ಮಠದ ಹಿಂದಿನ ಕೋಣೆಯಲ್ಲಿ, ಮುಂದೆ ಮೇಷ್ಟರಾಗುವವರಿಗೆ ಪಾಠ ಹೇಳುತ್ತಿದ್ದರು. ಸರ್ವಮಂಗಳೆ ಅವರ ಬಳಿ ಎರಡು ವರ್ಷ ಕಲಿತಿದ್ದಳು. ಬರುವ ತಿಂಗಳು ಅವಳು ತನ್ನ ಮೊದಲ ಶಾಲೆಗೆ ಹೋಗುವವಳು.

ಹಲಗೆಯ ಮೇಲೆ ಅವಳೇ ಬರೆದ ಲೆಕ್ಕವಿತ್ತು. ಇಂಗಾಲ ಹನ್ನೆರಡು: ಪ್ರೋಟಾನು ಆರು, ನ್ಯೂಟ್ರಾನು ಆರು, ಎಲೆಕ್ಟ್ರಾನು ಆರು. ಅದರ ಕೆಳಗೆ ಇಂಗಾಲ ಹದಿನಾಲ್ಕು: ಪ್ರೋಟಾನು ಆರು, ನ್ಯೂಟ್ರಾನು ಎಂಟು, ಎಲೆಕ್ಟ್ರಾನು ಆರು. ಲೆಕ್ಕ ಸರಿಯಾಗಿಯೇ ಇತ್ತು. ಅವಳ ಲೆಕ್ಕ ತಪ್ಪುತ್ತಿದ್ದುದೇ ಅಪರೂಪ. ಅದು ಅವಳಿಗೂ ಗೊತ್ತಿತ್ತು.

"ಪ್ರೋಟಾನು ಹೆಸರು ಕೊಡುತ್ತದೆ" ಎಂದಳು. "ಆರು ಇದ್ದರೆ ಇಂಗಾಲ, ಏಳಾದರೆ ಸಾರಜನಕ. ಎಲೆಕ್ಟ್ರಾನು ಹೊರಗಿನ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತದೆ. ಯಾರ ಜೊತೆ ಕೂಡಬೇಕು, ಯಾರನ್ನು ಬಿಡಬೇಕು ಎನ್ನುವುದು ಅದರ ಕೆಲಸ. ನ್ಯೂಟ್ರಾನು ಹೆಸರನ್ನೂ ಬದಲಿಸುವುದಿಲ್ಲ, ನಡತೆಯನ್ನೂ ಬದಲಿಸುವುದಿಲ್ಲ. ಒಳಗೆ ಸುಮ್ಮನೆ ಕೂತಿರುತ್ತದೆ. ಅದನ್ನು ಎಣಿಸಿ ಏನು ಪ್ರಯೋಜನ?"

"ನ್ಯೂಟ್ರಾನನ್ನು ಇಲ್ಲಿ ಯಾರೂ ಎಣಿಸುವುದಿಲ್ಲ, ತಂಗಿ" ಎಂದರು ಗುರುಗಳು. "ನೀನೂ ಎಣಿಸಿಲ್ಲ. ಒಟ್ಟು ತೂಕದ ಸಂಖ್ಯೆ ತಗೊಂಡೆ, ಪ್ರೋಟಾನಿನ ಎಣಿಕೆ ಕಳೆದೆ. ಹದಿನಾಲ್ಕರಲ್ಲಿ ಆರು ಹೋಗಿ ಎಂಟು ಉಳಿಯಿತು. ಹೊರಗೆ ಕಾಣದ್ದು ಹಾಗೆಯೇ ಸಿಗುವುದು. ತೂಗಬೇಕು, ಕಳೆಯಬೇಕು."

"ತೂಗದೆ ಬರೀ ಎಣಿಸಿದರೆ ಆಗುವ ನಷ್ಟವೇನು?"

ಗುರುಗಳು ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಅವನಿಗೆ ಒಂದು ದೊಡ್ಡ ಹರಿಗೋಲಿತ್ತು. ಬಿದಿರಿನ ಬುಟ್ಟಿ, ಅದಕ್ಕೆ ತೊಗಲಿನ ಹೊದಿಕೆ, ಹೊದಿಕೆಗೆ ಟಾರು. ಅವನು ಈ ದಡದ ಜನರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ ದಾಟಿಸುತ್ತಿದ್ದ. ಸೇತುವೆ ಆಗ ಇರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಜನ ಹೇಳುತ್ತಾರೆ. ಈ ಅಂಬಿಗನ ವಿಷಯದಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನ ಹರಿಗೋಲು ಒಬ್ಬರನ್ನೂ ಹೊಳೆಗೆ ಕೊಟ್ಟಿರಲಿಲ್ಲ. ಅದು ಅವನ ಹೆಮ್ಮೆ. ಹೆಮ್ಮೆಗೆ ಕಾರಣವೂ ಇತ್ತು. ಅವನು ಲೆಕ್ಕದ ಮನುಷ್ಯ. ಹೊಳೆಗೆ ಹಾಕಿದರೂ ಅಳೆದು ಹಾಕು ಎಂಬ ಮಾತನ್ನು ಅವನಷ್ಟು ನಿಜವೆಂದು ನಂಬಿದವರು ಇರಲಿಕ್ಕಿಲ್ಲ.

ಅವನ ಲೆಕ್ಕ ಅಪ್ಪನಿಂದ ಬಂದದ್ದು. ಇಪ್ಪತ್ತು ತಲೆ, ನಾಲ್ಕು ಹೊರೆ. ಅದಕ್ಕಿಂತ ಒಂದು ಹೆಚ್ಚಿಲ್ಲ. ಕಂಕುಳ ಕೂಸಿಗೆ ಲೆಕ್ಕವಿಲ್ಲ. ಹೆಣ ಹತ್ತುವಂತಿಲ್ಲ, ಸತ್ತವರ ಕಲ್ಲೂ ಹತ್ತುವಂತಿಲ್ಲ. ಹತ್ತಿಸಿದರೆ ಹೊಳೆ ಮುನಿಯುತ್ತದೆ ಎಂದು ಅಪ್ಪ ಹೇಳಿದ್ದ. ಹರಿಗೋಲಿನ ಹೊರಮೈಗೆ ಸುತ್ತಲೂ ಒಂದು ಕೆಂಪು ಗೆರೆ ಬಳಿದಿತ್ತು. ಜನ ಹತ್ತಿ ಕೂತ ಮೇಲೆ ನೀರು ಆ ಗೆರೆಯ ಕೆಳಗೇ ಇರಬೇಕು. ಗೆರೆ ಮುಳುಗಿತೋ, ಎಲ್ಲರಿಗಿಂತ ಕೊನೆಗೆ ಹತ್ತಿದವರು ಇಳಿಯಬೇಕು. ಯಾರು, ಏನು, ಯಾಕೆ ಎಂದು ಕೇಳುವ ಹಾಗಿಲ್ಲ. ಕೇಳುತ್ತ ಕೂತರೆ ಎಲ್ಲರಿಗೂ ಒಂದೊಂದು ಕಾರಣ ಇರುತ್ತದೆ ಎಂದು ಅಪ್ಪ ಹೇಳಿದ್ದ. ಆ ಮಾತೇನೂ ಸುಳ್ಳಲ್ಲ.

ಜನ ಹತ್ತುವಾಗ ಅಂಬಿಗ ಎಣಿಸುತ್ತಿದ್ದ. ಕಣದಲ್ಲಿ ರಾಶಿ ಅಳೆಯುವವರ ಹಾಗೆ ಮೊದಲನೆಯದಕ್ಕೆ ಒಂದು ಎನ್ನದೆ "ಲಾಭ" ಎನ್ನುತ್ತಿದ್ದ. ಲಾಭ, ಎರಡು, ಮೂರು ಎಂದು ಇಪ್ಪತ್ತರವರೆಗೆ. ಇಪ್ಪತ್ತೆಂದ ಮೇಲೆ ದೇವರೇ ಬಂದು ನಿಂತರೂ ಮುಂದಿನ ಸರದಿಗೆ ಕಾಯಬೇಕು.

ಹೊಳೆಯಾಚೆ ಒಬ್ಬ ಕುರಿಗಾರನಿದ್ದ. ಕಂಬಳಿ ನೇಯಲು ತನ್ನ ಕುರಿಗಳ ಉಣ್ಣೆ ಸಾಲದೆ ಅವನು ತಿಂಗಳಿಗೊಮ್ಮೆ ಈ ದಡದಿಂದ ಉಣ್ಣೆ ಕೊಂಡು ಹೋಗುತ್ತಿದ್ದ. ಯಾವಾಗಲೂ ನಾಲ್ಕು ಹೊರೆ. ನಾಲ್ಕಕ್ಕೂ ಒಂದೇ ಗೋಣಿ, ಒಂದೇ ಹೊಲಿಗೆ, ಮೂಲೆಯಲ್ಲಿ ಒಂದೇ ಕರಿ ದಾರದ ಗುರುತು. ಅಂಬಿಗ ಹತ್ತು ವರ್ಷದಿಂದ ಆ ಹೊರೆಗಳನ್ನು ನೋಡಿದ್ದ. ಗುರುತು ನೋಡುತ್ತಿದ್ದ, ನಾಲ್ಕು ಎನ್ನುತ್ತಿದ್ದ, ಮುಗಿಯಿತು.

ಒಂದು ಬೆಳಿಗ್ಗೆ ಅಂಬಿಗ ಗಂಜಿ ಕುಡಿದು ದಡಕ್ಕೆ ಬರುವಷ್ಟರಲ್ಲಿ ಕುರಿಗಾರ ಹೊರೆಗಳನ್ನು ಆಗಲೇ ಹರಿಗೋಲಿಗೆ ಹಾಕಿಸಿದ್ದ. ಹಾಕಿದ ಆಳುಗಳೂ ಹೋಗಿಯಾಗಿತ್ತು. ಕುರಿಗಾರ ಒಂದು ಹೊರೆಯ ಮೇಲೆ ಕೈಯಿಟ್ಟು ಕೂತಿದ್ದ. ಅಂಬಿಗ ಕಣ್ಣಾಡಿಸಿದ. ಅದೇ ಗೋಣಿ, ಅದೇ ಗುರುತು. ನಾಲ್ಕು.

ಇಲ್ಲಿ ಸರ್ವಮಂಗಳೆ ಸಣ್ಣಗೆ ನಕ್ಕಳು. "ಗೊತ್ತಾಯಿತು, ಗುರುಗಳೇ. ಹೊರೆಗಳು ಐಸೋಟೋಪು. ಹೊರಗಿನ ಹೆಸರು ಅದೇ, ಒಳಗಿನ ತೂಕ ಬೇರೆ."

"ಗೊತ್ತಾಯಿತಲ್ಲ, ಒಳ್ಳೆಯದಾಯಿತು" ಎಂದರು ಗುರುಗಳು. ಅವರು ನಗಲಿಲ್ಲ. ಕತೆ ಮುಂದುವರಿಸಿದರು.

ಜನ ಹತ್ತಿದರು. ಲಾಭ, ಎರಡು, ಮೂರು. ಸಂತೆಗೆ ಹೊರಟವರು, ಬೀಗರ ಮನೆಗೆ ಹೊರಟವರು, ಬೀಜದ ಜೋಳ ತರಲು ಹೊರಟವರು. ಹತ್ತೊಂಬತ್ತು ಆಯಿತು. ಅಷ್ಟರಲ್ಲಿ ಒಬ್ಬಳು ತಾಯಿ ಬಂದಳು. ಅವಳ ಹೆಸರು ದ್ಯಾವಮ್ಮ. ಬಡಕಲು ಹೆಂಗಸು. ಓಡಿ ಬಂದಿದ್ದಳು. ಸೆರಗಿನಲ್ಲಿ ಕೂಸಿತ್ತು.

"ಯಣ್ಣಾ, ಕೂಸು ಎರಡು ದಿನದಿಂದ ಮೊಲಿ ಹಿಡಿದಿಲ್ಲ" ಎಂದಳು. "ಮೈ ಕೆಂಡ ಆಗೇತಿ. ಆಚಿ ದಂಡಿಗೆ ವೈದ್ಯರು ಅದಾರಂತ."

"ಹತ್ತವ್ವ" ಎಂದ ಅಂಬಿಗ. "ಒಂದಾ ಜಾಗ ಉಳಿದಿತ್ತು, ಅದು ನಿಂದಾ."

ಅವಳು ಹತ್ತಿ ಅಂಚಿಗೆ ಕೂತಳು. ಇಪ್ಪತ್ತು. ಕೂಸಿಗೆ ಲೆಕ್ಕವಿಲ್ಲ. ಲೆಕ್ಕ ಸರಿಹೋಯಿತೆಂದು ಅಂಬಿಗನಿಗೆ ಸಮಾಧಾನವಾಯಿತು. ಕಟ್ಟಿದ ಹಗ್ಗ ಬಿಚ್ಚಲು ಬಗ್ಗಿದ. ಬಗ್ಗಿದವನಿಗೆ ಕೆಂಪು ಗೆರೆ ಕಾಣಲಿಲ್ಲ.

ನೀರು ಗೆರೆಗಿಂತ ಒಂದು ಬೆರಳು ಮೇಲಿತ್ತು. ಸುತ್ತ ಹೋಗಿ ನೋಡಿದ. ಆ ಕಡೆಯೂ ಒಂದು ಬೆರಳು. ಹರಿಗೋಲು ಭಾರವಾಗಿದೆ ಎಂದು ಅವನಿಗೆ ಕಣ್ಣಿಗೆ ಕಂಡಿತು, ಕಾಲಿಗೂ ತಿಳಿಯಿತು. ಆಗ ಅವನು ಅಂಬಿಗರು ಮಾಡುವುದನ್ನೇ ಮಾಡಿದ. ಮತ್ತೊಮ್ಮೆ ತಲೆ ಎಣಿಸಿದ.

ಲಾಭ, ಎರಡು, ಮೂರು. ಇಪ್ಪತ್ತು. ಹೊರೆ ನಾಲ್ಕು.

ಮೂರನೆಯ ಸಲ ಎಣಿಸಿದ. ಈ ಸಲ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದ. ಎಣಿಕೆ ಇದ್ದಷ್ಟೇ ಇತ್ತು, ನೀರೂ ಇದ್ದಲ್ಲೇ ಇತ್ತು. ನಡುವೆ ಒಬ್ಬ ದಪ್ಪನೆಯ ಶೆಟ್ಟರು ಕೂತಿದ್ದರು. "ಶೆಟ್ರೇ, ನಿನ್ನಿ ಬೀಗರ ಊಟ ಜೋರಿತ್ತೇನು?" ಎಂದ. ಎಲ್ಲರೂ ನಕ್ಕರು. ಶೆಟ್ಟರೂ ಹೊಟ್ಟೆ ಸವರಿಕೊಂಡು ನಕ್ಕರು. ಕುರಿಗಾರ ನಗಲಿಲ್ಲ. ಅವನು ನಗದಿದ್ದುದು ಅಂಬಿಗನಿಗೆ ಕಾಣಿಸಿತು. ಪಾಪ, ಮೊನ್ನೆ ಮೊನ್ನೆ ಮಗ ಸತ್ತವನು, ಹೇಗೆ ನಗುತ್ತಾನೆ ಎಂದುಕೊಂಡು ಸುಮ್ಮನಾದ.

ಒಂದು ಹೊರೆಗೆ ಕೈ ಹಚ್ಚಿ ಅಲುಗಿಸಿದ್ದರೆ ಸಾಕಿತ್ತು. ಅವನು ಹಚ್ಚಲಿಲ್ಲ. ಹೊರೆಯನ್ನು ಎಣಿಸಿಯಾಗಿತ್ತಲ್ಲ.

ಜನ ಗುಸುಗುಸು ಶುರುಮಾಡಿದರು. ಬಿಸಿಲೇರುತ್ತಿದೆ, ಸಂತೆ ಹರಿಯುತ್ತದೆ, ಬಿಡುವುದಾದರೆ ಬಿಡು ಎಂದರು. ಅಂಬಿಗ ದ್ಯಾವಮ್ಮನ ಕಡೆ ತಿರುಗಿದ.

"ತಂಗೀ, ಹಿಂದ ಹತ್ತಿದವರು ಮುಂದ ಇಳೀಬೇಕು. ನಮ್ಮಪ್ಪನ ಕಾಲದಿಂದ ಬಂದದ್ದು ಇದು. ಇವರನ್ನ ಬಿಟ್ಟು ಈ ಹೆಜ್ಜಿಗೆ ಬಂದೆ. ನಿನ್ನ ಒಬ್ಬಾಕಿನ್ನ ಕುಂದರಿಸಿಕೊಂಡು ಹೋಗತೀನಿ."

ಅವಳು ಹರಿಗೋಲಿನಲ್ಲಿ ಕೂತವರ ಮುಖವನ್ನೆಲ್ಲ ಒಮ್ಮೆ ನೋಡಿದಳು. ಬೇರೆ ಯಾರಾದರೂ ಇಳಿಯಬಹುದಿತ್ತು. ಶೆಟ್ಟರು ಹೊಳೆಯ ಕಡೆ ನೋಡುತ್ತಿದ್ದರು. ಬೀಗರ ಮನೆಗೆ ಹೊರಟವಳು ಗಂಟು ಬಿಗಿ ಮಾಡಿಕೊಳ್ಳುತ್ತಿದ್ದಳು. ಅವರನ್ನು ಕೆಟ್ಟವರೆಂದು ಹೇಳಬೇಡ. ನಾವು ಕೂತಿದ್ದರೂ ಗಂಟು ಬಿಗಿ ಮಾಡಿಕೊಳ್ಳುತ್ತಿದ್ದೆವು.

"ಬರತೀ ಅಲ್ಲ, ಯಣ್ಣಾ?" ಎಂದಳು.

"ಹೊಳಿ ಆಣಿ, ಬರತೀನಿ."

ಅಂಬಿಗ ಕೈಕೊಟ್ಟು ಅವಳನ್ನು ದಡಕ್ಕೆ ಇಳಿಸಿದ. ಆಮೇಲೆ ಹುಟ್ಟು ಹಾಕಿದ.

ಹೊಳೆ ಅವತ್ತು ಶಾಂತವಾಗಿತ್ತು. ಹರಿಗೋಲು ನಿಧಾನವಾಗಿ ಸಾಗಿತು. ಯಾರಿಗೂ ಏನೂ ಆಗಲಿಲ್ಲ. ಆಚೆ ದಡ ಮುಟ್ಟಿದರು. ಜನ ಇಳಿದು ಅವರವರ ದಾರಿ ಹಿಡಿದರು. ಕುರಿಗಾರ ಮಾತ್ರ ಕೂತಲ್ಲೇ ಕೂತಿದ್ದ.

"ಏಳಪ್ಪ, ಲಗೂನ ಇಳಿಸು" ಎಂದು ಅಂಬಿಗ ತಾನೇ ಒಂದು ಹೊರೆಗೆ ಕೈ ಹಾಕಿದ. ಉಣ್ಣೆಯ ಹೊರೆ, ಒಬ್ಬ ಆಳು ಹೆಗಲಿಗೆ ಎಸೆದುಕೊಂಡು ಹೋಗುವಂಥದ್ದು. ಅದು ಅಲುಗಲಿಲ್ಲ. ಕಾಲು ಊರಿ ಎಳೆದ. ಹೊಲಿಗೆ ಬಿಚ್ಚಿಕೊಂಡಿತು. ಒಂದು ಹಿಡಿ ಉಣ್ಣೆ ಹೊರಗೆ ಬಿತ್ತು. ಉಣ್ಣೆಯ ಒಳಗೆ ಕಲ್ಲಿತ್ತು. ಕಲ್ಲಿನ ಮೇಲೆ ಎರಡು ಪಾದ ಕೆತ್ತಿತ್ತು.

ಅಂಬಿಗ ಮಿಕ್ಕ ಮೂರನ್ನೂ ಮುಟ್ಟಿ ನೋಡಿದ. ನಾಲ್ಕೂ ಕಲ್ಲೇ.

"ಮಗನ ಗದ್ದಿಗಿ ಕಲ್ಲಣ್ಣ" ಎಂದ ಕುರಿಗಾರ. ಅವನು ತಲೆ ಎತ್ತಲಿಲ್ಲ. "ಕಲ್ಲುಕುಟಿಗರು ಈ ದಂಡಿಗೆ ಇಲ್ಲ. ಅಲ್ಲೇ ಕೆತ್ತಿಸಿದೆ. ಸತ್ತವರ ಕಲ್ಲು ನೀ ಹಾಕ್ಕೊಳ್ಳಂಗಿಲ್ಲ ಅಂತ ಗೊತ್ತಿತ್ತು. ನಾಳಿಗೆ ಅವನ ತಿಂಗಳ ದಿನ."

"ಆಕಿ ಇಳಿಯೂವಾಗ ಒಂದು ಮಾತು ಆಡಬಾರದಿತ್ತೇನೋ?"

"ಬಾಯಿತನಕ ಬಂದಿತ್ತು, ನುಂಗಿಬಿಟ್ಟೆ. ನನಗೂ ಅವನೊಬ್ಬನಾ ಇದ್ದ, ಯಣ್ಣಾ."

ಅಂಬಿಗನ ಕೈ ಹೊಡೆಯಲು ಎದ್ದಿತು. ಎದ್ದ ಕೈ ಹಾಗೆಯೇ ಕೆಳಗಿಳಿಯಿತು. ಮಗ ಸತ್ತವನನ್ನು ಹೊಡೆದು ಏನು ಪಡೆಯುವುದು? ಹೊಳೆಯ ಆಚೆ ದ್ಯಾವಮ್ಮ ನಿಂತಿರುವುದು ಕಾಣುತ್ತಿತ್ತು. ಅವಳಿಗೆ ಕೊಟ್ಟ ಮಾತು ಅವನ ತಲೆಯಲ್ಲಿತ್ತು. ಹಗುರ ಮಾಡಿಕೊಂಡರೆ ಬೇಗ ಹೋಗಬಹುದು ಎಂದುಕೊಂಡ. ಇಬ್ಬರೂ ಸೇರಿ ಕಲ್ಲು ಇಳಿಸತೊಡಗಿದರು. ಒಂದೊಂದು ಕಲ್ಲಿಗೂ ಹಗ್ಗ ಹಾಕಬೇಕು, ಸನ್ನೆಗೋಲು ಕೊಟ್ಟು ಎಬ್ಬಿಸಬೇಕು, ತೊಗಲು ಹರಿಯದ ಹಾಗೆ ಉರುಳಿಸಬೇಕು. ಮೂರನೆಯ ಕಲ್ಲು ಇಳಿಯುವಾಗ ಅಂಬಿಗನ ಮೂಗಿಗೆ ಹಸಿಮಣ್ಣಿನ ವಾಸನೆ ಬಂತು. ಮೇಲ್ಗಡೆ ಎಲ್ಲೋ ಮಳೆಯಾಗಿತ್ತು. ಅವನು ತಿರುಗಿ ನೋಡುವುದರೊಳಗೆ ಹೊಳೆಯ ನಡುವೆ ಕೆನ್ನೀರು ಬಂದಿತ್ತು.

ನಾಲ್ಕನೆಯ ಕಲ್ಲನ್ನು ಅವನು ಹೇಗೆ ಇಳಿಸಿದನೋ ಅವನಿಗೇ ತಿಳಿಯದು. ಹರಿಗೋಲನ್ನು ನೀರಿಗೆ ತಳ್ಳಿದ. ಹೊಳೆ ಅದನ್ನು ಬುಗುರಿಯಂತೆ ತಿರುಗಿಸಿ ಕೆಳಗಿನ ಬಂಡೆಗೆ ತಂದು ಬಿಟ್ಟಿತು. ಎಳೆದುಕೊಂಡು ಮೇಲೆ ಬಂದು ಮತ್ತೆ ತಳ್ಳಿದ. ಮತ್ತೆ ಅದೇ ಬಂಡೆ. ಮೂರನೆಯ ಸಲ ತಳ್ಳಲು, ದಡಕ್ಕೆ ಬಂದು ಸೇರಿದ್ದ ಜನ ಬಿಡಲಿಲ್ಲ. ಅವನ ಸೊಂಟ ಹಿಡಿದು ದಡದಲ್ಲಿ ಕೂರಿಸಿದರು.

ಯಾರೋ ವೈದ್ಯರನ್ನು ಕರೆತಂದರು. ಮುದುಕರು, ಔಷಧದ ಸೀಸೆ ಹಿಡಿದುಕೊಂಡು ದಡಕ್ಕೆ ಬಂದರು. ಅಲ್ಲಿಂದಲೇ ಕೂಗಿ ಹೇಳಿದರು. ತಣ್ಣೀರ ಬಟ್ಟೆ ಹಾಕು, ಬಾಯಿಗೆ ಹನಿ ಹನಿ ನೀರು ಬಿಡು ಎಂದರು. ಹೊಳೆಯ ಸದ್ದಿನಲ್ಲಿ ಅವರ ಮಾತು ಅವರಿಗೇ ಕೇಳುತ್ತಿರಲಿಲ್ಲ. ಆಚೆ ದಡದಲ್ಲಿ ದ್ಯಾವಮ್ಮ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು. ಏನು ಹೇಳಿದಳೋ, ಅದೂ ಕೇಳಲಿಲ್ಲ. ಹೊಳೆಯ ಅಗಲ ಒಂದು ಕೂಗಳತೆಯೂ ಇರಲಿಲ್ಲ. ವೈದ್ಯರು ಇಲ್ಲಿ ನಿಂತಿದ್ದರು, ಔಷಧ ಇಲ್ಲಿತ್ತು. ಇಪ್ಪತ್ತೆರಡು ವರ್ಷ ದಾಟಿದ ಹೊಳೆ, ಅವತ್ತು ಅಂಬಿಗನಿಗೆ ದಾಟಲಾಗಲಿಲ್ಲ.

ಮಧ್ಯಾಹ್ನದವರೆಗೆ ಅವಳು ನಿಂತೇ ಇದ್ದಳು. ಹೊತ್ತು ಇಳಿಯುವವರೆಗೂ ನಿಂತಿದ್ದಳು. ಕೂಸನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಬಿಸಿಲು ಕಂದುವ ಹೊತ್ತಿಗೆ ಕೂತಳು. ಅವಳು ಕೂತ ರೀತಿ ನೋಡಿ ಅಂಬಿಗನಿಗೆ ಗೊತ್ತಾಯಿತು. ಕುರಿಗಾರನಿಗೂ ಗೊತ್ತಾಯಿತು. ಅವನೂ ಮನೆಗೆ ಹೋಗಿರಲಿಲ್ಲ. ತನ್ನ ನಾಲ್ಕು ಕಲ್ಲುಗಳ ಪಕ್ಕದಲ್ಲಿ ನಿಂತಿದ್ದ.

ಮರುದಿನ ಬೆಳಿಗ್ಗೆ ಹೊಳೆ ಇಳಿಯಿತು. ಅಂಬಿಗ ಒಬ್ಬನೇ ಹರಿಗೋಲು ತಂದ. ಅವನು ಇಳಿಸಿದ ಜಾಗದಲ್ಲೇ ದ್ಯಾವಮ್ಮ ಇದ್ದಳು. ಅವಳ ಊರಿನ ನಾಲ್ಕು ಜನ ಬಂದು ಸುತ್ತ ಕೂತಿದ್ದರು. ಕೂಸಿನ ಮುಖದ ಮೇಲೆ ಸೆರಗು ಹೊದಿಸಿತ್ತು. ಅಂಬಿಗ ಬಂದು ಅವಳ ಮುಂದೆ ನಿಂತ. ಬೈಯಲಿ ಎಂದು ನಿಂತ. ಬೈದಿದ್ದರೆ ಅವನಿಗೆ ಎಷ್ಟೋ ಸುಖವಾಗುತ್ತಿತ್ತು.

ಅವಳು ಬೈಯಲಿಲ್ಲ. "ನಿನ್ನಿ ನಿನ್ನ ಲೆಕ್ಕಕ್ಕ ನಾ ಹೆಚ್ಚಾಗಿದ್ದೆ, ಯಣ್ಣಾ" ಎಂದಳು. "ಕೂಸಿಗೆ ಮೊದಲಾ ಲೆಕ್ಕ ಇರಲಿಲ್ಲ."

ಅಂಬಿಗ ಅಲ್ಲೇ ಮರಳಿನ ಮೇಲೆ ಕುಸಿದು ಕೂತು ಅತ್ತ. ಅವನು ಅಳುವುದನ್ನು ಆ ದಡ ಯಾವತ್ತೂ ನೋಡಿರಲಿಲ್ಲ.

ಹನ್ನೊಂದನೆಯ ದಿನ ಕುರಿಗಾರ ದ್ಯಾವಮ್ಮನ ಮನೆಗೆ ಹೋದ. ಹೊಳೆ ದಾಟಲು ಅಂಬಿಗನ ಹರಿಗೋಲನ್ನೇ ಹತ್ತಬೇಕಾಯಿತು. ಈ ಸಲ ಅವನು ಒಂದು ಕಲ್ಲು ತಂದಿದ್ದ, ಗೋಣಿಯಿಲ್ಲದೆ. ಪಾದ ಕೆತ್ತಿದ ಕಲ್ಲು ಅದು. ಸತ್ತವರ ಕಲ್ಲು ಎಂದು ಅಂಬಿಗ ಬೇಡವೆನ್ನಲಿಲ್ಲ. ಅಪ್ಪನ ಕಟ್ಟಳೆಗಳಲ್ಲಿ ಅವತ್ತು ಒಂದು ಕಮ್ಮಿಯಾಯಿತು.

ಕುರಿಗಾರ ಅವಳ ಅಂಗಳದಲ್ಲಿ ನಿಂತು ಹೇಳಿದ. "ನನ್ನ ಮಗನ ಕಲ್ಲು ನಿನ್ನ ಕೂಸನ್ನ ತಿಂತವ್ವ. ಇದೊಂದು ನಿನ್ನ ಕೂಸಿನ ಮಣ್ಣಿಗೆ ಇಡು."

ದ್ಯಾವಮ್ಮ ಕಲ್ಲಿನ ಮೇಲಿನ ಪಾದಗಳನ್ನು ಮುಟ್ಟಿ ನೋಡಿದಳು. "ನನ್ನ ಕೂಸು ಹತ್ತು ತಿಂಗಳದ್ದು, ಯಪ್ಪಾ" ಎಂದಳು. "ಅದರ ಎದಿ ಮ್ಯಾಲ ಇಷ್ಟು ದೊಡ್ಡ ಕಲ್ಲು ಹ್ಯಾಂಗ ಇಡಲಿ? ನಿನ್ನ ಮಗನಿಗೆ ಒಯ್ಯಿ."

ಅವನು ಕಲ್ಲು ಒಯ್ದ. ಗದ್ದುಗೆ ಕಟ್ಟಿಸಿದನೋ ಇಲ್ಲವೋ, ಅದು ಈ ಕತೆಗೆ ಬೇಕಿಲ್ಲ.

ಅಂಬಿಗ ಮಾತ್ರ ಬದಲಾದ. ತಲೆ ಎಣಿಸುವುದನ್ನು ಬಿಟ್ಟ. ಲಾಭ ಎನ್ನುವ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ. ದಡದ ಹುಣಸೆ ಮರಕ್ಕೆ ಒಂದು ದೊಡ್ಡ ತಕ್ಕಡಿ ತೂಗುಹಾಕಿದ. ಹೊರೆಯಿರಲಿ, ಗಂಟಿರಲಿ, ಬುಟ್ಟಿಯಿರಲಿ, ತೂಗದೆ ಹತ್ತಿಸುತ್ತಿರಲಿಲ್ಲ. ತವರಿಗೆ ಹೊರಟವರ ರೊಟ್ಟಿಯ ಗಂಟನ್ನೂ ತೂಗಿದ. ಜನ ಮೊದಮೊದಲು ನಕ್ಕರು. ಅಂಬಿಗ ವ್ಯಾಪಾರ ಶುರುಮಾಡಿದ್ದಾನೆ ಎಂದು ಚುಡಾಯಿಸಿದರು. ಆಮೇಲೆ ಬೇಸತ್ತರು. ಕೊನೆಗೆ ಒಗ್ಗಿಕೊಂಡರು.

ಯಾರು ಕೇಳಿದರೂ ಅವನದು ಒಂದೇ ಮಾತು. "ಅವತ್ತು ನಾನು ಎಣಿಸಿದೆ, ತೂಗಲಿಲ್ಲ. ಅದಕ್ಕ ಒಂದು ಕೂಸು ಹೋತು." ಊರಿನವರು ಅವನನ್ನು ಸಮಾಧಾನ ಮಾಡುತ್ತಿದ್ದರು. ಉಣ್ಣೆಯೊಳಗೆ ಕಲ್ಲಿದೆ ಎಂದು ಯಾವ ಮನುಷ್ಯನಿಗೆ ಗೊತ್ತಾಗುತ್ತದೆ, ತಪ್ಪು ಬಚ್ಚಿಟ್ಟವನದು, ನಿನ್ನದಲ್ಲ ಎನ್ನುತ್ತಿದ್ದರು. ಅವನು ಹೂಂ ಎನ್ನುತ್ತಿದ್ದ. ಆದರೆ ದಿನದಿನಕ್ಕೆ ಇಳಿದುಹೋದ. ಊಟ ಸೇರಲಿಲ್ಲ. ಹೊಳೆಯ ಕಡೆ ಮುಖ ಮಾಡಿ ಕೂರುತ್ತಿದ್ದವನು ಬೆನ್ನು ಮಾಡಿ ಕೂರತೊಡಗಿದ. ಸಮಾಧಾನ ಹೇಳಿದಷ್ಟೂ ಅವನ ಸಂಕಟ ಹೆಚ್ಚುತ್ತಿತ್ತು. ಅದು ಯಾಕೆಂದು ಊರಿಗೆ ತಿಳಿಯಲಿಲ್ಲ. ನಾಲ್ಕು ವರ್ಷದ ಮೇಲೆ ಹರಿಗೋಲನ್ನು ತಮ್ಮನಿಗೆ ಕೊಟ್ಟು ಹುಟ್ಟು ಕೆಳಗಿಟ್ಟ.

ಗುರುಗಳು ನಿಲ್ಲಿಸಿದರು. ಕತೆ ಮುಗಿಯಿತೆಂದು ಸರ್ವಮಂಗಳೆ ತಿಳಿದಳು. ಅವಳ ಕಣ್ಣು ಒದ್ದೆಯಾಗಿತ್ತು. ಆದರೂ ಅವಳು ಲೆಕ್ಕದ ಹುಡುಗಿ. ಉತ್ತರ ಎಲ್ಲಿದೆಯೆಂದು ಹುಡುಕಿದಳು.

"ತಿಳಿಯಿತು, ಗುರುಗಳೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಭಾರ ಹೊರೆಯಲ್ಲಿತ್ತು, ಇಳಿದವಳು ತಾಯಿ. ಒಟ್ಟು ಭಾರದಿಂದ ಕಾಣುವ ಲೆಕ್ಕವನ್ನು ಕಳೆದಿದ್ದರೆ ಕಾಣದ ಕಲ್ಲು ಸಿಗುತ್ತಿತ್ತು. ಆದರೆ ಅಂಬಿಗನನ್ನು ನಾನು ದೂರಲಾರೆ. ಅವನಿಗೆ ಕಲ್ಲಿನ ವಿಷಯ ಗೊತ್ತಿರಲಿಲ್ಲ. ಹರಿಗೋಲು ಭಾರವಾಗಿತ್ತು, ಗೆರೆ ಮುಳುಗಿತ್ತು, ಹತ್ತೊಂಬತ್ತು ಜೀವ ಒಳಗಿದ್ದವು. ಭಾರ ಇಳಿಸಲು ಒಬ್ಬರು ಇಳಿಯಲೇಬೇಕಿತ್ತು. ಅವನು ತನಗೆ ತಿಳಿದ ನ್ಯಾಯ ಮಾಡಿದ."

"ಊರಿನವರೂ ಹಾಗೆಯೇ ಹೇಳಿದರು" ಎಂದರು ಗುರುಗಳು. "ನಾನು ಆಗ ಆ ಊರಿನ ಶಾಲೆಯಲ್ಲಿದ್ದೆ. ಹುಟ್ಟು ಬಿಟ್ಟ ಮೇಲೆ ಅವನು ಶಾಲೆಯ ಜಗಲಿಗೆ ಬಂದು ಕೂರುತ್ತಿದ್ದ. ಒಳಗೆ ನಾನು ಪಾಠ ಮಾಡುತ್ತಿದ್ದರೆ ಹೊರಗಿನಿಂದ ಕೇಳುತ್ತಿದ್ದ. ಒಂದು ದಿನ ಪರಮಾಣುವಿನ ಪಾಠ ಮುಗಿಸಿ ಹೊರಗೆ ಬಂದೆ. ಅವನು ಕಂಬ ಹಿಡಿದುಕೊಂಡು ನಿಂತಿದ್ದ. ಊರಿಗೆ ಹೇಳದ ಒಂದು ಮಾತನ್ನು ಅವತ್ತು ನನಗೆ ಹೇಳಿದ." ಗುರುಗಳು ಸೀಮೆಸುಣ್ಣ ಮತ್ತೆ ಕೈಗೆ ತಗೊಂಡರು. "ಎಲೆಕ್ಟ್ರಾನಿನ ತೂಕ ಎಷ್ಟು, ತಂಗಿ?"

ಸರ್ವಮಂಗಳೆಗೆ ಇದು ನಾಲಗೆಯ ತುದಿಯಲ್ಲಿತ್ತು. "ಪ್ರೋಟಾನಿನ ಸಾವಿರದ ಎಂಟುನೂರರಲ್ಲಿ ಒಂದು ಪಾಲು."

"ಭಾರ ಹೆಚ್ಚಾಯಿತೆಂದು ಅಂಚಿನಲ್ಲಿರುವ ಒಂದು ಎಲೆಕ್ಟ್ರಾನನ್ನು ತೆಗೆದರೆ?"

"ಏನೂ ಆಗುವುದಿಲ್ಲ, ಗುರುಗಳೇ. ಭಾರವೆಲ್ಲ ನಡುವೆ ಇರುವುದು. ಪರಮಾಣುವಿನ ತೂಕ ಇದ್ದಲ್ಲೇ..."

ಗುರುಗಳು ಹಲಗೆಯ ಕಡೆ ನೋಡಲಿಲ್ಲ, ಅವಳ ಕಡೆಯೂ ನೋಡಲಿಲ್ಲ.

"ಕೂಸಿನ ಜೊತೆ ಆ ತಾಯಿ ಇಳಿದ ಮೇಲೂ ಕೆಂಪು ಗೆರೆ ನೀರೊಳಗೇ ಇತ್ತು, ಅಂಬಿಗ ಅದನ್ನು ನೋಡಿದ, ನೋಡಿಯೇ ಹುಟ್ಟು ಹಾಕಿದ."